ಧಾರಾವಾಹಿಯೂ ಮಂಗಳವೂ

ನಾಯಂಡಹಳ್ಳಿಯಲ್ಲಿ ಮೈಸೂರು ರಸ್ತೆಗೆ ಹೊರವರ್ತುಲ ರಸ್ತೆಯು ಬಂದು ಕೂಡುವ ಸ್ಥಳದಿಂದ ಕೂಗಳತೆಯ ದೂರದಲ್ಲಿರುವ ನಮ್ಮ ಮನೆಯಲ್ಲಿ, ಸಂಜೆಯ ದೀಪವನ್ನು ಹಚ್ಚಿಯಾದ ಮೇಲೆ, ರಾತ್ರಿಯ ಊಟಕ್ಕೆ ಎಲೆ ಹಾಕುವುದಕ್ಕೆ ಮೊದಲು, ಅರ್ಧ ಗಂಟೆಯ ಕಾಲ ನಾನೂ ನನ್ನ ಅಕ್ಕನೂ ಒಟ್ಟಿಗೆ ಕುಳಿತು ಟಿ.ವಿ.ಯಲ್ಲಿ ಒಂದು ಧಾರಾವಾಹಿಯನ್ನು ನೋಡುವ ಪದ್ಧತಿಯು ಮೂರು ವರ್ಷಗಳಿಂದ ನಡೆದುಬಂದಿತ್ತು. ಅಕ್ಕನಿಗೆ ಈಗ 76 ವಯಸ್ಸು. ನಾನು ಅವಳಿಗಿಂತ 6 ವರ್ಷ ಕಿರಿಯ. ಭಾವನವರು ತೀರಿಕೊಂಡ ಮೇಲೆ ಅವಳು ನಮ್ಮಲ್ಲಿಗೆ ಬಂದು ನೆಲೆಸಿದಳು. ಹಗಲಿನಲ್ಲಿ ಅವರವರ ಕೆಲಸ ಅವರವರಿಗೆ. ಒಡಹುಟ್ಟಿದವರಿಬ್ಬರು ಒಂದೇ ಕಡೆ ಮುಖಮಾಡಿ ಕುಳಿತಿರುವ ಹೊತ್ತು ಇಡೀ ದಿನದಲ್ಲಿ ಆ ಅರ್ಧ ಗಂಟೆಯೇ ಆಗಿತ್ತು. ಈ ಸಂಗತಿಯನ್ನು ಮೊದಲೇ ಹೇಳಿಬಿಡುವುದು ಅವಶ್ಯ. ಏಕೆಂದರೆ ಮುಂದೆ ನಾನು ವಿಚಾರಿಸಲಿರುವ ಪ್ರಶ್ನೆಯು ಆ ಹೊತ್ತಿನೊಳಗಿಂದಲೇ ಹುಟ್ಟಿತು.

ಧಾರಾವಾಹಿಯ ಹೆಸರು ಇಲ್ಲಿ ಬೇಡ. ವಕೀಲಿ ಓದಬೇಕೆಂಬ ಆಸೆಯನ್ನು ಎದೆಯಲ್ಲಿಟ್ಟುಕೊಂಡು ದೊಡ್ಡ ಮನೆಯೊಂದಕ್ಕೆ ಸೊಸೆಯಾಗಿ ಬಂದ ಹಳ್ಳಿಯ ಹುಡುಗಿಯೊಬ್ಬಳ ಕಥೆ ಅದು. ಮೊದಲ ಆರು ತಿಂಗಳು ಅದನ್ನು ಬರೆದವರಿಗೆ ಮನುಷ್ಯಸ್ವಭಾವದ ಪರಿಚಯವಿತ್ತು. ಅತ್ತೆಯ ಬಿರುಸಿನ ಹಿಂದೆ ಒಂದು ಹಳೆಯ ನೋವಿತ್ತು, ಮಾವನ ಮೌನಕ್ಕೆ ಒಂದು ಅರ್ಥವಿತ್ತು, ಹುಡುಗಿಯು ಅಡುಗೆಮನೆಯ ಕಿಟಕಿಯ ಬೆಳಕಿನಲ್ಲಿ ಪುಸ್ತಕ ತೆರೆದಾಗ ನಮಗೂ ಆ ಪುಟದ ಮೇಲೆ ಆಸೆ ಹುಟ್ಟುತ್ತಿತ್ತು. ಅನಂತರ ಕ್ರಮಕ್ರಮವಾಗಿ ಪುಸ್ತಕ ಮರೆಯಾಯಿತು. ಪಾಯಸಕ್ಕೆ ವಿಷ ಬಿತ್ತು; ಅಪಘಾತದಲ್ಲಿ ಗಂಡನ ನೆನಪು ಹೋಯಿತು; ಹುಡುಗಿಯನ್ನೇ ಹೋಲುವ ಇನ್ನೊಬ್ಬಳು ಮನೆಯೊಳಗೆ ಬಂದಳು; ಕದದ ಹಿಂದೆ ನಿಂತು ಕೇಳಿಸಿಕೊಂಡ ಮಾತೊಂದನ್ನು ಹೇಳಬೇಕಾದವರಿಗೆ ಹೇಳುವುದಕ್ಕೆ ಹನ್ನೊಂದು ವಾರ ಹಿಡಿಯಿತು. ಎರಡನೆಯ ವರ್ಷದ ಕೊನೆಗೆ ಆ ಪಾತ್ರವನ್ನು ವಹಿಸಿದ್ದ ನಟಿಯೇ ಬಿಟ್ಟುಹೋಗಿ, ಬೇರೊಬ್ಬರು ಅದೇ ಸೀರೆಯನ್ನುಟ್ಟು, ಅದೇ ಹೆಸರಿನಿಂದ, ಹಿಂದಿನ ದಿನ ನಿಂತ ಮಾತಿನ ಮುಂದಿನ ಮಾತನ್ನು ಆಡಿದರು.

ಒಂದು ರಾತ್ರಿ ನಾನು ನಡುವೆಯೇ ಎದ್ದೆನು. ಅಕ್ಕ ತಲೆಯೆತ್ತಿ ನೋಡಿ, “ಯಾಕೋ ಎದ್ದೆ? ಕೂತ್ಕೋ” ಎಂದಳು. “ಇದರಲ್ಲಿ ಇನ್ನೇನು ಉಳಿದಿದೆ, ಅಕ್ಕ?” ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಹುಡುಗಿ ಅಷ್ಟು ಕಷ್ಟದಲ್ಲಿರೋವಾಗ ನಾವು ಎದ್ದು ಹೋಗೋದು ಸರಿಯೇನೋ?” ಎಂದು ಕೇಳಿದಳು. ನಾನು ಮತ್ತೆ ಕುಳಿತೆನು. ಆದರೆ ಆ ರಾತ್ರಿ ನನಗೆ ನಿದ್ರೆ ಬೇಗ ಹತ್ತಲಿಲ್ಲ. ಸರಿಯೇ ಎಂದು ಅವಳು ಕೇಳಿದ್ದು ರುಚಿಯ ಮಾತಲ್ಲ, ಧರ್ಮದ ಮಾತು. ಧರ್ಮದ ಮಾತಿಗೆ ಬೇಸರವನ್ನು ಉತ್ತರವಾಗಿ ಕೊಡಲಾಗದು.

ಇಷ್ಟು ಅಲ್ಪವಾದ ವಿಷಯಕ್ಕೆ ಧರ್ಮವಿಚಾರವೇ ಎಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ವಾರಕ್ಕೆ 5 ಸಂಚಿಕೆಗಳಂತೆ 3 ವರ್ಷಕ್ಕೆ 780 ಸಂಚಿಕೆಗಳಾದವು. ಸಂಚಿಕೆಗೆ ಅರ್ಧ ಗಂಟೆಯಂತೆ 390 ಗಂಟೆ. ಎಂದರೆ ಅಹೋರಾತ್ರಿ ಲೆಕ್ಕ ಹಿಡಿದರೆ 16 ದಿನಗಳಿಗೂ ಮಿಗಿಲಾದ ಆಯುಸ್ಸನ್ನು ನಾವಿಬ್ಬರೂ ಅದಕ್ಕೆ ಕೊಟ್ಟಿದ್ದೆವು. ಮೂರು ದಿನದ ಯಾತ್ರೆಗೆ ಹೊರಡುವಾಗ ಹತ್ತು ಸಲ ಆಲೋಚಿಸುವ ನಾವು, 16 ದಿನಗಳ ಈ ದಾನವನ್ನು ಆಲೋಚನೆಯೇ ಇಲ್ಲದೆ ಮಾಡಿಬಿಟ್ಟೆವು. ಕಾಲವನ್ನು ಯಾವುದಕ್ಕೆ ಕೊಡಬೇಕು, ಕೊಟ್ಟದ್ದನ್ನು ಯಾವಾಗ ನಿಲ್ಲಿಸಬೇಕು ಎಂಬುದು ಗೃಹಸ್ಥನಿಗೆ ಪ್ರತಿದಿನವೂ ಎದುರಾಗುವ ತತ್ತ್ವಪ್ರಶ್ನೆಯೆಂದೇ ನಾನು ನಂಬಿದ್ದೇನೆ.

ಧಾರಾವಾಹಿ ಎಂಬ ಶಬ್ದವನ್ನು ನಾವು ಕಥೆಗೆ ಬಳಸತೊಡಗಿದ್ದಕ್ಕೆ ಶತಮಾನಗಳ ಮೊದಲೇ ನಮ್ಮ ದಾರ್ಶನಿಕರು ಅದನ್ನು ಜ್ಞಾನಕ್ಕೆ ಬಳಸಿದ್ದರು. ಒಬ್ಬನು ತನ್ನೆದುರಿಗಿರುವ ಗಡಿಗೆಯನ್ನು ಎವೆಯಿಕ್ಕದೆ ನೋಡುತ್ತಿರುವಾಗ, ಇದು ಗಡಿಗೆ, ಇದು ಗಡಿಗೆ, ಇದು ಗಡಿಗೆ ಎಂದು ಒಂದರ ಹಿಂದೊಂದು ಧಾರೆಯಾಗಿ ಹರಿದುಬರುವ ಅರಿವಿಗೆ ಅವರು ಧಾರಾವಾಹಿಕ ಜ್ಞಾನವೆಂದು ಹೆಸರಿಟ್ಟರು. ಮೊದಲು ತಿಳಿಯದಿದ್ದ ವಿಷಯವನ್ನು ತಿಳಿಸಿದರೆ ಮಾತ್ರ ಅದು ಪ್ರಮೆ, ಎಂದರೆ ನಿಜವಾದ ಜ್ಞಾನ, ಎಂದು ಒಪ್ಪಿದ ಮೀಮಾಂಸಕರಿಗೆ ಇದು ದೊಡ್ಡ ತೊಡಕಾಯಿತು. ಗಡಿಗೆಯು ಮೊದಲನೆಯ ಕ್ಷಣದಲ್ಲಿಯೇ ತಿಳಿದುಹೋಯಿತಲ್ಲ, ಎರಡನೆಯ ಮೂರನೆಯ ಕ್ಷಣಗಳು ಹೊಸದಾಗಿ ಏನನ್ನು ತಿಳಿಸಿದವು? ಭಾಟ್ಟ ಮತದವರು ಇದಕ್ಕೆ ಸೂಕ್ಷ್ಮವಾದ ಸಮಾಧಾನ ಹೇಳಿದರು: ಗಡಿಗೆಯು ಅದೇ ಆದರೂ ಕ್ಷಣವು ಬೇರೆ, ಈ ಕ್ಷಣದ ಗಡಿಗೆ, ಮರುಕ್ಷಣದ ಗಡಿಗೆ ಎಂದು ಕಾಲವು ಪ್ರತಿ ಅರಿವಿನಲ್ಲಿಯೂ ಹೊಸದಾಗಿ ಸೇರುವುದರಿಂದ ಅಷ್ಟರಮಟ್ಟಿಗೆ ಅಲ್ಲಿ ಹೊಸತನವುಂಟು. ಅದ್ವೈತಿಯಾದ ಧರ್ಮರಾಜಾಧ್ವರೀಂದ್ರನ ‘ವೇದಾಂತಪರಿಭಾಷೆ’ಯ ಆರಂಭದಲ್ಲಿಯೇ ಈ ಚರ್ಚೆ ಬರುತ್ತದೆ, ಬೇರೊಂದು ವಸ್ತುವಿನ ಅರಿವು ಮೂಡುವವರೆಗೂ ಅಲ್ಲಿರುವುದು ಬಿಡಿಬಿಡಿಯಾದ ಅರಿವುಗಳಲ್ಲ, ಅಂತಃಕರಣದ ಒಂದೇ ವೃತ್ತಿ ಎಂಬ ಇನ್ನೊಂದು ಸಮಾಧಾನವನ್ನು ಅವನು ಕೊಡುತ್ತಾನೆ.

ಈ ಚರ್ಚೆಯನ್ನು ತರುಣನಾಗಿದ್ದಾಗ ಓದಿದ ನಾನು ಅದನ್ನು ಬರಿಯ ಬುದ್ಧಿಯ ಕಸರತ್ತೆಂದು ತಿಳಿದಿದ್ದೆನು. ನಮ್ಮ ಟಿ.ವಿ.ಯ ಮುಂದೆ ಕುಳಿತು ಅದರ ಸತ್ಯವನ್ನು ಅನುಭವಿಸಿದೆನು. ಇಂದಿನ ಸಂಚಿಕೆಯಲ್ಲಿ ಅತ್ತೆಯ ಕೋಪ, ನಾಳಿನ ಸಂಚಿಕೆಯಲ್ಲಿ ಅತ್ತೆಯ ಕೋಪ, ನಾಡಿದ್ದಿನ ಸಂಚಿಕೆಯಲ್ಲಿ ಅತ್ತೆಯ ಕೋಪ; ಗಡಿಗೆಯು ಅದೇ; ಹೊಸದಾಗಿ ಸೇರುತ್ತಿದ್ದುದು ಕಾಲವೊಂದೇ. ಆ ಕಾಲವಾದರೋ ಕಥೆಯದಲ್ಲ, ನಮ್ಮದು. ಕಥೆಯೊಳಗೆ ಯಾರಿಗೂ ವಯಸ್ಸಾಗಲಿಲ್ಲ. ಆ ಮೂರು ವರ್ಷಗಳಲ್ಲಿ ಅಕ್ಕನ ಬಲಗಣ್ಣಿಗೆ ಪೊರೆ ಬಂತು, ನನ್ನ ಮೊಣಕಾಲು ಮೆಟ್ಟಿಲನ್ನು ಒಲ್ಲೆನೆಂದಿತು, ನಮ್ಮ ಎದುರಿನ ಮನೆಯ ಮಗುವು ಮಾತು ಕಲಿತು ಶಾಲೆಗೆ ಹೋಗತೊಡಗಿತು.

ಹಿಂದೆ ಹೀಗಿರಲಿಲ್ಲ. ರಾಮಾನಂದ ಸಾಗರರ ‘ರಾಮಾಯಣ’ವು 1987ರ ಜನವರಿ 25ರಂದು ಆರಂಭವಾದಾಗ ನಾವು ವಿಜಯನಗರದ ಬಾಡಿಗೆ ಮನೆಯೊಂದರಲ್ಲಿದ್ದೆವು. ಭಾನುವಾರದ ಬೆಳಗ್ಗೆ ಅಕ್ಕಪಕ್ಕದವರೆಲ್ಲರೂ ಸ್ನಾನಮಾಡಿ ನಮ್ಮ ಹಜಾರದಲ್ಲಿ ಬಂದು ಕೂರುತ್ತಿದ್ದರು; ಹಿಂದಿಯು ಅರ್ಧಮರ್ಧ ತಿಳಿದವರಿಗೂ ಅಲ್ಲಿ ತಿಳಿಯದ್ದು ಯಾವುದೂ ಇರಲಿಲ್ಲ. 78 ಕಂತುಗಳಾಗಿ, 1988ರ ಜುಲೈ 31ರಂದು, ಪಟ್ಟಾಭಿಷೇಕದೊಂದಿಗೆ ಅದು ಮುಗಿಯಿತು. ಆ ದಿನ ನಮ್ಮ ತಾಯಿ ಟಿ.ವಿ.ಯ ಪೆಟ್ಟಿಗೆಗೆ ಆರತಿ ಎತ್ತಿ, ನೆರೆದವರಿಗೆಲ್ಲ ಪಾನಕ ಕೊಟ್ಟಳು. ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ನಲ್ಲಿ ಅರ್ಧ ಗಂಟೆಯೊಳಗೇ ಒಂದು ಬಾಳು ಸಂಪೂರ್ಣವಾಗಿ ಕಾಣುತ್ತಿತ್ತು. ಸದಾನಂದ ಸುವರ್ಣರ ‘ಗುಡ್ಡದ ಭೂತ’ವು ಕೆಲವೇ ವಾರಗಳಲ್ಲಿ ಹೇಳಬೇಕಾದುದನ್ನೆಲ್ಲ ಹೇಳಿ ಮುಗಿಸಿತು. ಟಿ. ಎನ್. ಸೀತಾರಾಮ್ ಅವರ ‘ಮಾಯಾಮೃಗ’ವೂ ‘ಮುಕ್ತ’ವೂ ದೀರ್ಘವಾಗಿಯೇ ನಡೆದವು, ಆದರೂ ಅಲ್ಲಿಯ ನ್ಯಾಯಾಲಯದ ವಾದವೊಂದನ್ನು ಕೇಳಿದ ಮೇಲೆ ಮನೆಯವರು ಊಟದ ಹೊತ್ತಿನಲ್ಲಿ ಆ ವಾದವನ್ನು ಮುಂದುವರಿಸುತ್ತಿದ್ದರು. ಎಂದಮೇಲೆ ಉದ್ದವು ಸ್ವತಃ ದೋಷವಲ್ಲ.

ದೋಷವಿರುವುದು ಬೇರೆಡೆಯಲ್ಲಿ. ಭರತನ ನಾಟ್ಯಶಾಸ್ತ್ರವು ಕಥೆಯ ನಡಿಗೆಯಲ್ಲಿ ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂಬ ಐದು ಸಂಧಿಗಳನ್ನು ಹೇಳುತ್ತದೆ. ಮೊದಲಿಗೆ ಬಿತ್ತಿದ ಬೀಜವು ಮೊಳೆತು, ಅಡಗಿ, ಸಂಕಟಕ್ಕೆ ಸಿಕ್ಕಿ, ಕೊನೆಗೆ ಫಲವಾಗಬೇಕು. ಇಂದಿನ ದೈನಂದಿನ ಧಾರಾವಾಹಿಗೆ ಫಲವು ಪ್ರತಿ ಗುರುವಾರ ಹೊರಗಿನಿಂದ ಬರುತ್ತದೆ. ಆ ದಿನ ಪ್ರಕಟವಾಗುವ ಟಿ.ಆರ್.ಪಿ. ಎಂಬ ಅಂಕಿಯು ಏರಿದ್ದರೆ ಕಥೆಯನ್ನು ಎಳೆಯಬೇಕು, ಇಳಿದಿದ್ದರೆ ತಿರುವು ಕೊಡಬೇಕು. ಬರೆಯುವವರಲ್ಲಿ ಪ್ರತಿಭಾವಂತರಿಲ್ಲವೆಂದು ನಾನು ಹೇಳಲಾರೆ. ರಾತ್ರಿ ಬರೆದದ್ದನ್ನು ಬೆಳಗ್ಗೆ ಚಿತ್ರೀಕರಿಸುವ ಆ ದುಡಿಮೆಯ ಕಷ್ಟವನ್ನು ನೆನೆದರೆ ಅವರ ಮೇಲೆ ಕನಿಕರವೇ ಉಂಟಾಗುತ್ತದೆ. ಆದರೆ ಗರ್ಭಸಂಧಿಯಲ್ಲಿಯೇ ನಿಂತು, ಹೆರಿಗೆಯಾಗದಂತೆ ನೋಡಿಕೊಳ್ಳುವುದೇ ಉದ್ಯೋಗವಾದಲ್ಲಿ, ಕಥೆಯು ತಾನೇ ತನ್ನ ಅಂತ್ಯವನ್ನು ಬಯಸುವುದಿಲ್ಲ.

ಹಾಗಾದರೆ ಎದ್ದುಬಿಡುವುದೇ ಸರಿಯೆನ್ನೋಣವೆ? ಅಕ್ಕನ ಪಕ್ಷಕ್ಕೆ ಬಲವಾದ ಪ್ರಮಾಣಗಳಿವೆ. ಭರ್ತೃಹರಿಯು ನೀತಿಶತಕದಲ್ಲಿ ಜನರನ್ನು ಮೂರು ಬಗೆಯಾಗಿ ಎಣಿಸುತ್ತಾನೆ: ವಿಘ್ನಕ್ಕೆ ಹೆದರಿ ಆರಂಭಿಸದವರು ನೀಚರು, ಆರಂಭಿಸಿ ವಿಘ್ನ ಬಂದಾಗ ನಿಲ್ಲಿಸುವವರು ಮಧ್ಯಮರು, ಎಷ್ಟು ಸಲ ಪೆಟ್ಟು ತಿಂದರೂ ಹಿಡಿದುದನ್ನು ಬಿಡದವರು ಉತ್ತಮರು. ನಾವು ಚಿಕ್ಕಂದಿನಲ್ಲಿ ಇದನ್ನು ಕಂಠಪಾಠ ಮಾಡಿದವರು. ಸತ್ಯನಾರಾಯಣನ ಕಥೆಯನ್ನು ನಡುವೆ ಬಿಟ್ಟು ಏಳಬಾರದು, ಪ್ರಸಾದ ತೆಗೆದುಕೊಳ್ಳದೆ ಹೋಗಬಾರದು ಎಂಬ ಭಯವೂ ಭಕ್ತಿಯೂ ನಮ್ಮ ರಕ್ತದಲ್ಲಿದೆ. ಹಿಡಿದ ವ್ರತಕ್ಕೆ ಉದ್ಯಾಪನೆಯಾಗಬೇಕು. ಓದತೊಡಗಿದ ಪುರಾಣಕ್ಕೆ ಮಂಗಳವಾಗಬೇಕು. ರಾತ್ರಿಯೆಲ್ಲ ಆಡಿದ ಯಕ್ಷಗಾನವೂ ಬೆಳಗಿನ ಜಾವದ ಮಂಗಳದಿಂದಲೇ ವಿರಮಿಸಬೇಕು. ಈ ಸಂಸ್ಕಾರವು ಅಕ್ಕನಲ್ಲಿ ನನಗಿಂತ ಗಾಢವಾಗಿದೆ, ಮತ್ತು ಅದನ್ನು ನಾನು ಗೌರವಿಸುತ್ತೇನೆ.

ಈ ಪ್ರಶ್ನೆಯನ್ನು ಅತ್ಯಂತ ನಿಷ್ಠುರವಾಗಿ ವಿಚಾರಮಾಡಿದವರು ಜೈಮಿನಿಯ ಸಂಪ್ರದಾಯದವರು. ಫಲವೊಂದನ್ನು ಬಯಸಿ ಒಬ್ಬನು ಯಾಗವನ್ನು ಆರಂಭಿಸಿದ್ದಾನೆ. ನಡುವೆ ಆ ಬಯಕೆಯೇ ಆರಿಹೋಯಿತು. ಈಗ ಅವನು ನಿಲ್ಲಿಸಬಹುದೆ? ನಿಲ್ಲಿಸಕೂಡದು, ಮುಗಿಸಲೇಬೇಕು ಎಂದು ಪೂರ್ವಮೀಮಾಂಸೆಯ ಆರನೆಯ ಅಧ್ಯಾಯದ ತೀರ್ಮಾನ. ಆರಂಭಿಸಿ ಬಿಟ್ಟವನನ್ನು ಶಿಷ್ಟರು ನಿಂದಿಸುತ್ತಾರೆ, ಬಯಕೆಯು ಹೋದರೂ ಸಂಕಲ್ಪವು ಉಳಿದಿದೆ. ಆದರೆ ಅದರ ಬೆನ್ನಿಗೇ ಅವರು ಇನ್ನೊಂದು ಮಾತನ್ನೂ ನಿರ್ಣಯಿಸುತ್ತಾರೆ: ಲೌಕಿಕವಾದ ಕೆಲಸಗಳಿಗೆ ಈ ನಿಯಮವಿಲ್ಲ. ಅಲ್ಲಿ ಬಯಕೆಯೊಂದೇ ಪ್ರೇರಕ. ಬಯಕೆ ಹೋದಲ್ಲಿ ಬಿಡಬಹುದು. ಎರಡು ಸಾವಿರ ವರ್ಷಗಳ ಹಿಂದಿನ ಆ ಕರ್ಮಠರು ಮನುಷ್ಯನ ಹೆಗಲ ಮೇಲಿಂದ ಇಷ್ಟು ದೊಡ್ಡ ಭಾರವನ್ನು ಇಳಿಸಿದ್ದಾರೆಂಬುದನ್ನು ಕಂಡು ನನಗೆ ಕೃತಜ್ಞತೆಯುಂಟಾಯಿತು.

ಅಷ್ಟರಿಂದಲೂ ನನ್ನ ಮನಸ್ಸು ಪೂರ್ತಿ ಒಪ್ಪಲಿಲ್ಲ. ಕಥೆ ಕೇಳುವುದು ಬರಿಯ ಲೌಕಿಕವೆಂದು ತಳ್ಳಿಹಾಕುವುದು ನಮ್ಮ ಪರಂಪರೆಗೆ ಒಗ್ಗುವ ಮಾತಲ್ಲ. ಇನ್ನಷ್ಟು ಯೋಚಿಸಿದಾಗ ನನಗೆ ಹೊಳೆದದ್ದು ಇದು: ಭರ್ತೃಹರಿಯ ಮಾತಾಗಲಿ ಮೀಮಾಂಸಕರ ವಿಧಿಯಾಗಲಿ ಅನ್ವಯಿಸುವುದು ಆರಂಭಿಸಿದವನಿಗೆ. ಸಂಕಲ್ಪ ಮಾಡಿದವನು ಯಜಮಾನ; ಯಾಗಶಾಲೆಯ ಬಾಗಿಲಲ್ಲಿ ನಿಂತು ನೋಡಿದವನು ಯಜಮಾನನಲ್ಲ. ಆ ಹುಡುಗಿಯ ಕೈಗೆ ಪುಸ್ತಕವನ್ನು ಕೊಟ್ಟವರು ಕಥೆಯನ್ನು ಕಟ್ಟಿದವರು. ಅವಳನ್ನು ಕೊನೆಯ ಪುಟದವರೆಗೆ ಕರೆದೊಯ್ಯುವ ಹೊಣೆಯೂ ಅವರದೇ. ಕಷ್ಟದಲ್ಲಿ ಅವಳ ಕೈ ಬಿಟ್ಟವರು, ಅಕ್ಕ ಅಂಜಿದಂತೆ, ನಾವಲ್ಲ. ಅವಳ ಕಷ್ಟವನ್ನು ಮುಗಿಸುವ ಸಂಕಲ್ಪವನ್ನೇ ತೊರೆದವರು ಅವಳನ್ನು ಎಂದೋ ಬಿಟ್ಟಿದ್ದರು. ನಾವು ನೋಡುತ್ತ ಕುಳಿತಷ್ಟೂ ಆ ಕಷ್ಟಕ್ಕೆ ಬೆಲೆ ಹೆಚ್ಚುತ್ತಿತ್ತು. ಅಕ್ಕನ ಕರುಣೆಯು ನಿಜವಾದದ್ದು, ಶುದ್ಧವಾದದ್ದು. ಆ ಕರುಣೆಯೇ ಗುರುವಾರದ ಅಂಕಿಯಾಗಿ ಆ ಹುಡುಗಿಯ ಸಂಕಟವನ್ನು ಇನ್ನೊಂದು ವಾರ ಬೆಳೆಸುತ್ತಿತ್ತು.

ಬಿಡುವುದು ತಪ್ಪಲ್ಲವೆಂದು ಗೊತ್ತಾದ ಮೇಲೆ ಹೇಗೆ ಬಿಡಬೇಕೆಂಬ ಪ್ರಶ್ನೆ ಉಳಿಯಿತು. ಅದಕ್ಕೆ ಮೊದಲೇ ನಾನು ಎರಡು ಸಲ ಬಿಟ್ಟಿದ್ದೆನು. ಒಮ್ಮೆ ನಾಲ್ಕು ದಿನ, ಇನ್ನೊಮ್ಮೆ ಎರಡು ವಾರ. ಎರಡು ಸಲವೂ ಸಿಟ್ಟಿನಿಂದ ಎದ್ದುಹೋಗಿ, ಪಕ್ಕದ ಕೋಣೆಯಿಂದ ಕಿವಿಗೊಟ್ಟು, ಮತ್ತೆ ಬಂದು ಕುಳಿತವನು ನಾನು. ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ತ್ಯಾಗಕ್ಕೂ ಮೂರು ಗುಣಗಳುಂಟೆಂದು ಹೇಳಿದೆ. ದುಃಖವಾಗುತ್ತದೆಂದು ಬಿಡುವುದು ರಾಜಸ, ಅದರಿಂದ ತ್ಯಾಗದ ಫಲವು ದೊರೆಯುವುದಿಲ್ಲ. ನಮ್ಮ ಹಿರಿಯರು ಪುರಾಣವೈರಾಗ್ಯ, ಪ್ರಸೂತಿವೈರಾಗ್ಯ, ಸ್ಮಶಾನವೈರಾಗ್ಯ ಎಂದು ಬೇಗ ಬಂದು ಬೇಗ ಹೋಗುವ ವೈರಾಗ್ಯಗಳನ್ನು ಗುರುತಿಸಿದ್ದರು. ನನ್ನದು ಅವುಗಳ ಸಾಲಿಗೆ ಸೇರತಕ್ಕದ್ದಾಗಿತ್ತು.

ಆ ದಿನಗಳಲ್ಲಿ ನನ್ನ ಮನಸ್ಸಿಗೆ ಪದೇ ಪದೇ ಬಂದವಳು ನೀಲಾಂಜನೆ. 941ರಲ್ಲಿ ಪಂಪನು ರಚಿಸಿದ ‘ಆದಿಪುರಾಣ’ದಲ್ಲಿ, ತೀರ್ಥಂಕರನಾಗಲಿದ್ದ ವೃಷಭನಾಥನಿಗೆ ವೈರಾಗ್ಯ ಹುಟ್ಟಲೆಂದು ದೇವೇಂದ್ರನು ಆಯುಸ್ಸು ಮುಗಿಯುತ್ತ ಬಂದಿದ್ದ ನರ್ತಕಿಯೊಬ್ಬಳನ್ನು ಕರೆತಂದು ಅವನ ಸಭೆಯಲ್ಲಿ ಕುಣಿಸುತ್ತಾನೆ. ಕುಣಿಯುತ್ತಿರುವಂತೆಯೇ ನೀಲಾಂಜನೆ ಮಾಯವಾಗುತ್ತಾಳೆ. ರಸಭಂಗವಾಗದಿರಲೆಂದು ಇಂದ್ರನು ಆ ಕ್ಷಣದಲ್ಲೇ ಅವಳಂಥವಳನ್ನೇ ಅಲ್ಲಿ ನಿಲ್ಲಿಸುತ್ತಾನೆ. ಅದೇ ರೂಪ, ಅದೇ ಲಯ. ಸಭೆಯು ಗಮನಿಸಲಿಲ್ಲ. ವೃಷಭನೊಬ್ಬನು ಗಮನಿಸಿದನು. ನಮ್ಮ ಧಾರಾವಾಹಿಯ ನಾಯಿಕೆಯು ಬದಲಾದ ಮರುದಿನ ನಾನು ಈ ಪ್ರಸಂಗವನ್ನು ತೆಗೆದು ಓದಿದೆನು. ಮನೆಯಿಂದ ಅನತಿದೂರದಲ್ಲಿ, ಮೈಸೂರು ರಸ್ತೆಯ ಪಕ್ಕದಲ್ಲಿ, ಆ ಹೆಸರಿನ ನೆನಪನ್ನೇ ಹೊತ್ತು ವೃಷಭಾವತಿಯು ಹರಿಯುತ್ತಿತ್ತು. ಬಸವನಗುಡಿಯ ದೊಡ್ಡ ಬಸವನ ಸನ್ನಿಧಿಯಲ್ಲಿ ಹುಟ್ಟಿತೆಂದು ಜನ ನಂಬಿರುವ ಆ ಹೊಳೆಯ ಹೆಸರು ತೀರ್ಥಂಕರನಿಂದ ಬಂದದ್ದಲ್ಲವೆಂಬುದನ್ನು ಬಲ್ಲೆನು. ಆದರೂ ಹೊಳೆಯೆಂಬ ಹೆಸರೊಂದನ್ನು ಉಳಿಸಿಕೊಂಡು, ಒಳಗೆ ಹರಿಯುವುದೆಲ್ಲ ಬೇರೆಯೇ ಆಗಿಹೋಗಿರುವ ಆ ನೀರನ್ನು ದಿನವೂ ದಾಟುವವನಿಗೆ ನೀಲಾಂಜನೆಯ ಕಥೆ ಬಹುಬೇಗ ಅರ್ಥವಾಗುತ್ತದೆ.

ಆ ಪ್ರಸಂಗದಲ್ಲಿ ಹಿಂದೆ ನಾನು ಲಕ್ಷಿಸದಿದ್ದ ಒಂದು ಅಂಶವು ಈ ಸಲ ಕಣ್ಣಿಗೆ ಬಿತ್ತು. ವೃಷಭನು ನೃತ್ಯವು ಕೆಟ್ಟಿತೆಂದು ಎದ್ದವನಲ್ಲ. ನೃತ್ಯವು ಕೊನೆಯವರೆಗೂ ಸೊಗಸಾಗಿಯೇ ಇತ್ತು. ಸೊಗಸಿನ ನಡುವೆಯೇ ಅವನು ಕಂಡದ್ದನ್ನು ಕಂಡನು; ಕಂಡದ್ದರಿಂದ ಬಿಟ್ಟನು; ಬಿಟ್ಟವನು ತಿರುಗಿ ನೋಡಲಿಲ್ಲ. ನಿರಾಶೆಯಿಂದ ಬಿಡುವವನಿಗೆ ಆಸೆಯು ಇನ್ನೂ ಇದೆ. ನಾಳೆ ಚೆನ್ನಾದೀತೆಂಬ ಆ ಆಸೆಯೇ ಅವನನ್ನು ಮರಳಿ ಎಳೆಯುತ್ತದೆ. ನಾನು ಎರಡು ಸಲ ಮರಳಿದ್ದರ ಕಾರಣವು ಇದರಿಂದ ಸ್ಪಷ್ಟವಾಯಿತು. ಕಥೆಯ ಮೇಲಿನ ಸಿಟ್ಟನ್ನು ಮೊದಲು ಬಿಡಬೇಕಾಗಿತ್ತು.

ಮತ್ತು ಬಿಡಬಾರದ್ದು ಒಂದಿತ್ತು: ಅಕ್ಕನ ಪಕ್ಕದ ಆ ಅರ್ಧ ಗಂಟೆ.

ಒಂದು ಶುಕ್ರವಾರದ ಸಂಚಿಕೆಯಾದ ಮೇಲೆ ನಾನು ಅವಳಿಗೆ, “ಅಕ್ಕ, ಈ ಕಥೆಯನ್ನು ನಾವೇ ಮುಗಿಸಿಬಿಡೋಣ” ಎಂದೆನು. ಇದು ನಮ್ಮಲ್ಲಿ ಹೊಸ ಮಾತೇನೂ ಅಲ್ಲ. ಗದುಗಿನ ಕುಮಾರವ್ಯಾಸನು ಭಾರತದ ಹತ್ತು ಪರ್ವಗಳನ್ನು ಹೇಳಿ ಗದಾಪರ್ವಕ್ಕೆ ನಿಲ್ಲಿಸಿದನು. ಉಳಿದ ಎಂಟು ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಪೂರೈಸಿದನು. ಒಬ್ಬನು ಬಿಟ್ಟ ಕಥೆಗೆ ಇನ್ನೊಬ್ಬನು ಮಂಗಳ ಹಾಡುವ ಅಧಿಕಾರವನ್ನು ಕನ್ನಡವು ಎಂದೋ ಒಪ್ಪಿಕೊಂಡಿದೆ. ನಾನು ಹೇಳತೊಡಗಿದೆನು: ನೆನಪು ಹೋದ ಗಂಡನು ಒಂದು ಮಧ್ಯಾಹ್ನ ಅಟ್ಟದಲ್ಲಿ ಹೆಂಡತಿಯ ಹಳೆಯ ಪುಸ್ತಕವನ್ನು ಕಂಡು, ಅಂಚಿನಲ್ಲಿ ಅವಳು ಬರೆದುಕೊಂಡಿದ್ದ ಟಿಪ್ಪಣಿಗಳನ್ನು ಓದುತ್ತಾನೆ, ನೆನಪು ಬರುವುದಿಲ್ಲ, ಆದರೆ ಬರೆದವಳ ಮೇಲೆ ಹೊಸದಾಗಿ ಪ್ರೀತಿ ಹುಟ್ಟುತ್ತದೆ, ಅವಳು ಪರೀಕ್ಷೆಗೆ ಕೂರುತ್ತಾಳೆ. ಅಕ್ಕ ಕಣ್ಣು ಮುಚ್ಚಿ ಕೇಳುತ್ತಿದ್ದವಳು ಒಂದು ಕಡೆ ತಡೆದಳು. “ಅತ್ತೇನ ಹಾಗೇ ಬಿಟ್ಟುಬಿಟ್ಟೆಯಲ್ಲೋ. ಅವಳೇ ಫೀಸಿಗೆ ಬಳೆ ತೆಗೆದುಕೊಡಬೇಕು. ಅವಳ ಕಾಲದಲ್ಲಿ ಅವಳನ್ನ ಯಾರೂ ಓದಿಸಲಿಲ್ಲ, ಅದೇ ಅವಳ ಕೋಪ” ಎಂದಳು. ಮೂರು ವರ್ಷಗಳ ಆ ಕೋಪಕ್ಕೆ ಇಷ್ಟು ಸರಿಯಾದ ಕಾರಣವನ್ನು 780 ಸಂಚಿಕೆಗಳಲ್ಲಿ ಯಾರೂ ಹೇಳಿರಲಿಲ್ಲ. ಎಂಟನೆಯ ತರಗತಿಗೆ ಶಾಲೆ ಬಿಡಿಸಿ ಅಕ್ಕನಿಗೆ ಮದುವೆಯ ಮಾತು ಆರಂಭಿಸಿದ್ದನ್ನು ನಾನು ಬಲ್ಲವನು. ಆದ್ದರಿಂದ ನಾನು ಬೇರೆ ಮಾತನಾಡದೆ ಬಳೆಯನ್ನು ಕಥೆಗೆ ಸೇರಿಸಿದೆನು. ಕಥೆ ಮುಗಿಯಿತು. ಅಕ್ಕ ಎದ್ದು ದೇವರ ಮನೆಯಿಂದ ಒಂದು ಬಾಳೆಯ ಹಣ್ಣನ್ನು ತಂದು ಅರ್ಧ ನನ್ನ ಕೈಗೆ ಕೊಟ್ಟಳು.

ಧಾರಾವಾಹಿಗಳನ್ನು ಕಟ್ಟುವ ನಮ್ಮ ಬರಹಗಾರರಲ್ಲಿಯೂ ನಿರ್ದೇಶಕರಲ್ಲಿಯೂ ನನ್ನದೊಂದು ವಿಜ್ಞಾಪನೆಯುಂಟು. ನೀವು ನೂರು ದಿನ ಹೇಳಿ, ಸಾವಿರ ದಿನ ಹೇಳಿ. ಎದುರಿಗೆ ಕುಳಿತವರಲ್ಲಿ ವಯಸ್ಸಾದವರು ಬಹಳ ಮಂದಿಯಿದ್ದಾರೆ, ಅವರು ದಿನಗಳನ್ನು ಎಣಿಸಿ ಕೊಡುತ್ತಿದ್ದಾರೆ. ಮೊದಲ ಸಂಚಿಕೆಯನ್ನು ಬರೆಯುವ ದಿನವೇ ಕೊನೆಯ ಸಂಚಿಕೆಯನ್ನೂ ಬರೆದಿಟ್ಟುಕೊಳ್ಳಿ.

ಈಗ ನಾವು ಆ ಹೊತ್ತಿನಲ್ಲಿ ಕುಮಾರವ್ಯಾಸನನ್ನು ಓದುತ್ತೇವೆ. ಅಕ್ಕನ ಕಣ್ಣಿಗೆ ಪೊರೆಯಿರುವುದರಿಂದ ಓದುವವನು ನಾನು. 8000ಕ್ಕೂ ಮೀರಿದ ಷಟ್ಪದಿಗಳು, ರಾತ್ರಿಗೆ 20ರಂತೆ ಓದಿದರೂ ಒಂದು ವರ್ಷಕ್ಕಿಂತ ಹೆಚ್ಚು ಬೇಕು. ಆರಂಭಿಸಿದ ದಿನ ಅಕ್ಕ ಪುಸ್ತಕವನ್ನು ಕೈಗೆ ತೆಗೆದುಕೊಂಡು, ಕೊನೆಯ ಹಾಳೆಯನ್ನು ತಿರುವಿ ನೋಡಿ, ಮತ್ತೆ ನನಗೆ ಕೊಟ್ಟಳು. ನಿನ್ನೆಗೆ ಆದಿಪರ್ವ ಮುಗಿಯಿತು.